ಜಾಲಗೋಷ್ಠಿಯೂ ದಾಸೋಹಧರ್ಮವೂ

‘ಗೋಷ್ಠಿ’ ಎಂಬ ಶಬ್ದದ ಮೂಲವನ್ನು ಅರಸಹೊರಟರೆ ವಿದ್ವಾಂಸರ ಸಭೆಗಿಂತ ಮೊದಲು ಎದುರಾಗುವುದು ದನದ ಕೊಟ್ಟಿಗೆ. ಗೋವುಗಳು ನಿಲ್ಲುವ ತಾಣ ‘ಗೋಷ್ಠ’. ಅದರಿಂದ ಬಂದುದು ‘ಗೋಷ್ಠಿ’. ಹಗಲೆಲ್ಲ ಬಯಲಿನಲ್ಲಿ ಮೇದ ಹಸುಗಳು ಸಂಜೆಗೆ ಒಂದೆಡೆ ಸೇರಿ, ಮೈಚಾಚಿ ಮಲಗಿ, ಮೇದುದನ್ನು ನಿಧಾನವಾಗಿ ಮೆಲುಕು ಹಾಕುವ ನೆಮ್ಮದಿಯ ಚಿತ್ರವೊಂದು ಈ ಶಬ್ದದ ಹಿಂದೆ ಇದೆ. ಮುಂದೆ ಅದು ವಿದ್ವಾಂಸರ ಕೂಟಕ್ಕೆ ಸಂದುದು ಅರ್ಥವಿಲ್ಲದ ಮಾತಲ್ಲ. ಒಬ್ಬೊಬ್ಬರೇ ಓದಿ ಅರಗಿಸಿಕೊಳ್ಳಬೇಕಾದುದನ್ನು ಹಲವರು ಒಂದೆಡೆ ಕುಳಿತು ಮತ್ತೊಮ್ಮೆ ಮೆಲುಕು ಹಾಕುವುದೇ ಗೋಷ್ಠಿ. ಅಲ್ಲಿ ಮೇವೂ ಇರಬೇಕು, ಮೆಲುಕಿಗೆ ಬಿಡುವೂ ಇರಬೇಕು. ಇಂದು ಅಂತರ್ಜಾಲದ ಮೂಲಕ ನಡೆಯುವ ವಿಚಾರಗೋಷ್ಠಿಗಳಲ್ಲಿ ಮೇವಿಗೆ ಕೊರತೆಯಿಲ್ಲ. ಮೆಲುಕಿಗೆ ಮಾತ್ರ ಎಡೆಯಿಲ್ಲ.

ಕನ್ನಡನಾಡಿಗೆ ಗೋಷ್ಠಿ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಕೂಡಿ ನಡೆಸಿದ ಅನುಭಾವಗೋಷ್ಠಿಯನ್ನು ನೆನೆಯದ ಮಠವಿಲ್ಲ, ಮಠದ ಶಾಲೆಯಿಲ್ಲ. ಆ ಸಂವಾದಗಳನ್ನು ಹದಿನೈದನೆಯ ಶತಮಾನದಿಂದ ಈಚೆಗೆ ‘ಶೂನ್ಯಸಂಪಾದನೆ’ಗಳಾಗಿ ಹೆಣೆದ ಸಂಕಲನಕಾರರು ವಚನಗಳನ್ನು ವಿಷಯಾನುಕ್ರಮದಲ್ಲಿ ಜೋಡಿಸಿ ಸುಮ್ಮನಾಗಲಿಲ್ಲ, ಪ್ರಶ್ನೆಗೆ ಉತ್ತರ, ಉತ್ತರಕ್ಕೆ ಮರುಪ್ರಶ್ನೆ ಎಂಬ ಕ್ರಮದಲ್ಲಿ ಜೋಡಿಸಿದರು. ಮುಕ್ತಾಯಕ್ಕ ಅಲ್ಲಮಪ್ರಭುವಿಗೆ ಎದುರುತ್ತರ ಕೊಡುತ್ತಾಳೆ. ಅಕ್ಕಮಹಾದೇವಿ ಬಂದಾಗ ಪ್ರಭುವು ಆಕೆಯನ್ನು ನಿಷ್ಠುರವಾಗಿ ಪರೀಕ್ಷಿಸುತ್ತಾನೆ. ಆಕೆಯ ಉತ್ತರಗಳೇ ಆ ಭಾಗದ ಸಾರ. ಒಬ್ಬನೇ ಆಡಿ ಉಳಿದವರೆಲ್ಲ ಕೇಳಿ ಎದ್ದುಹೋದ ಗೋಷ್ಠಿ ಅದಾಗಿದ್ದರೆ ಶೂನ್ಯಸಂಪಾದನೆ ಹುಟ್ಟುತ್ತಲೇ ಇರಲಿಲ್ಲ. ಗದಗಿನ ತೋಂಟದಾರ್ಯ ಮಠದ ವಾರದ ಶಿವಾನುಭವವಾಗಲಿ, ನಾಡಿನ ಬೇರೆ ಬೇರೆ ಮಠಗಳ ಮಾಸಿಕ ಶಿವಾನುಭವಗಳಾಗಲಿ ಈ ಪರಂಪರೆಯ ಕವಲುಗಳೇ.

2020ನೆಯ ಇಸವಿಯ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಮುಚ್ಚಿ ಕುಳಿತಾಗ ಗೋಷ್ಠಿಗಳು ಸಭಾಂಗಣವನ್ನು ಬಿಟ್ಟು ಜೂಮ್, ಗೂಗಲ್ ಮೀಟ್, ಯೂಟ್ಯೂಬ್‌ಗಳ ಪರದೆಯನ್ನು ಆಶ್ರಯಿಸಿದವು. ‘ವೆಬಿನಾರ್’ ಎಂಬ ಪದ ಮನೆಮಾತಾಯಿತು. ‘ಜಾಲಗೋಷ್ಠಿ’ ಎಂದೂ ಕೆಲವರು ಕರೆದರು. ಆಪತ್ಕಾಲದಲ್ಲಿ ಅದು ಮಾಡಿದ ಉಪಕಾರವನ್ನು ಅಲ್ಲಗಳೆಯುವವರು ಕೃತಘ್ನರೇ ಸರಿ. ಶಾಲೆಕಾಲೇಜುಗಳು ಮುಚ್ಚಿದ್ದ ಆ ತಿಂಗಳುಗಳಲ್ಲಿ ಕೆಂಗೇರಿಯ ಅಧ್ಯಾಪಕರು ಧಾರವಾಡದ ಉಪನ್ಯಾಸವನ್ನು ಮನೆಯಲ್ಲೇ ಕುಳಿತು ಕೇಳಿದರು. ನಿವೃತ್ತರಾಗಿ ರಾಜಾಜಿನಗರದ ಮನೆಯಲ್ಲಿದ್ದ ಹಿರಿಯ ವಿದ್ವಾಂಸರ ಮಾತನ್ನು ಬೀದರಿನ ವಿದ್ಯಾರ್ಥಿ ಕೇಳಿದನು. ಆ ಸಂಕಟದ ದಿನಗಳು ಕಳೆದವು, ಜಾಲಗೋಷ್ಠಿ ಉಳಿಯಿತು. ಉಳಿಯತಕ್ಕದ್ದೂ ಹೌದು. ಆದರೆ ಆಪತ್ಕಾಲದ ಅವಸರದಲ್ಲಿ ಬೆಳೆದ ಅದರ ಕೆಟ್ಟ ರೂಢಿಗಳೂ ಹಾಗೆಯೇ ಉಳಿದಿರುವುದು ಚಿಂತೆಗೆ ಕಾರಣವಾಗಿದೆ.

ಬೆಂಗಳೂರಿನ ಪಶ್ಚಿಮ ಭಾಗದ ಯಾವುದೋ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಬಸವೇಶ್ವರನಗರದ ಎರಡನೆಯ ಮಹಡಿಯ ಮನೆ. ಭಾನುವಾರ ಬೆಳಗ್ಗೆ ಹತ್ತೂವರೆ. ಪ್ರೌಢಶಾಲೆಯ ಕನ್ನಡ ಅಧ್ಯಾಪಕಿಯೊಬ್ಬರು ಮೊಬೈಲನ್ನು ಸಕ್ಕರೆ ಡಬ್ಬಿಗೆ ಆನಿಸಿ ನಿಲ್ಲಿಸಿ ಅಡುಗೆಮನೆಯಲ್ಲಿಯೇ ಜಾಲಗೋಷ್ಠಿಗೆ ಸೇರಿದ್ದಾರೆ. ಪ್ರಾರ್ಥನೆ ಮುಗಿಯಿತು; ಸ್ವಾಗತ ಮುಗಿಯಿತು; ಅತಿಥಿಗಳ ನಾಲ್ಕು ಪುಟಗಳ ಪರಿಚಯಪತ್ರದ ವಾಚನ ಮುಗಿಯಿತು. ಎಲ್ಲಿಯೋ ಹಚ್ಚಿದ ದೀಪವನ್ನು ಎಲ್ಲರೂ ಪರದೆಯ ಮೇಲೆ ಕಂಡದ್ದಾಯಿತು. ಆಶಯಭಾಷಣದಲ್ಲಿ ಧ್ವನಿ ಕೇಳಿಸಲಿಲ್ಲ. ಕೇಳಿಸಿದಾಗ ಭಾಷಣ ಮುಗಿದಿತ್ತು. ಮುಖ್ಯ ಉಪನ್ಯಾಸ ಆರಂಭವಾಗುವ ಹೊತ್ತಿಗೆ ಕುಕ್ಕರು ಮೂರು ಬಾರಿ ಕೂಗಿತ್ತು. ಉಪನ್ಯಾಸಕರು ಮುದ್ರಿತ ಪ್ರಬಂಧವನ್ನು ತಲೆಯೆತ್ತದೆ ಓದಿದರು. ಪ್ರಶ್ನೆಗಳ ಸರದಿ ಬಂದಾಗ ‘ಸಮಯಾಭಾವದಿಂದ’ ಎಂಬ ಚಿರಪರಿಚಿತ ಪದ ಕಿವಿಗೆ ಬಿತ್ತು. ಅದುವರೆಗೆ ಕಾಣದಿದ್ದ ನೂರಾರು ಹೆಸರುಗಳು ಕಡೆಯ ಐದು ನಿಮಿಷಗಳಲ್ಲಿ ಪರದೆಯಲ್ಲಿ ಮೂಡಿದವು. ಪ್ರಮಾಣಪತ್ರದ ಲಿಂಕ್ ಬರುವ ವೇಳೆ ಅದು. ಆ ಅಧ್ಯಾಪಕಿಯ ಮನಸ್ಸಿನಲ್ಲಿ ಒಂದು ಪ್ರಶ್ನೆ ಇತ್ತು. ಅವರ ತರಗತಿಯ ಮಕ್ಕಳಿಗೆ ಆ ಉತ್ತರದಿಂದ ಪ್ರಯೋಜನವಾಗುತ್ತಿತ್ತು. ಅದನ್ನು ಕೇಳದೆಯೇ ಅವರು ಮೊಬೈಲನ್ನು ಆರಿಸಿದರು.

ಇದು ಯಾವುದೇ ಒಂದು ಸಂಸ್ಥೆಯ ಮೇಲಿನ ದೂರಲ್ಲ. ಇಂಥ ಗೋಷ್ಠಿಯನ್ನು ಕಾಣದ ಅಧ್ಯಾಪಕರು ವಿರಳ. ಇಲ್ಲಿಯ ದೋಷ ಯಂತ್ರದ್ದೂ ಅಲ್ಲ. ಸಭಾಂಗಣದ ಎಲ್ಲ ಔಪಚಾರಿಕತೆಯನ್ನೂ ಪರದೆಗೆ ಹೊತ್ತು ತಂದವರು ಸಭಾಂಗಣದ ಆತಿಥ್ಯವನ್ನು ಮಾತ್ರ ಹಿಂದೆಯೇ ಬಿಟ್ಟುಬಂದರು. ಮಠಕ್ಕೆ ಯಾರೇ ಬರಲಿ, ಕೈಕಾಲಿಗೆ ನೀರು, ಕೂರಲು ಚಾಪೆ, ಹೊತ್ತಿಗೆ ಪ್ರಸಾದ ದೊರೆಯುತ್ತವೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹವನ್ನು ನಡೆಸಿಕೊಂಡು ಬಂದುದು ಸರ್ವವಿದಿತ. ಅಲ್ಲಿ ಅಕ್ಷರ ಒಂಟಿಯಾಗಿಲ್ಲ; ಅನ್ನವೂ ಆಶ್ರಯವೂ ಅದರ ಜೊತೆಗಿವೆ. ಬಂದವನ ದೇಹವನ್ನೂ ಮನಸ್ಸನ್ನೂ ನೆಮ್ಮದಿಯಲ್ಲಿರಿಸದೆ ಅವನಿಗೆ ವಿದ್ಯೆ ಕೊಡಲಾಗದು ಎಂಬ ತಿಳಿವು ಇದರಲ್ಲಿದೆ. ಜಾಲಗೋಷ್ಠಿಗೆ ಬಂದವನು ಕಣ್ಣಿಗೆ ಕಾಣದಿರಬಹುದು, ಅವನೂ ಅತಿಥಿಯೇ. ಒಂದು ಲಿಂಕನ್ನು ಕಳುಹಿಸಿ ಸುಮ್ಮನಾಗುವುದು, ಅತಿಥಿಯನ್ನು ಕರೆದು ಬಾಗಿಲಲ್ಲಿ ನಿಲ್ಲಿಸಿ ಒಳಗೆ ಹೋದಂತೆ. ಆದಕಾರಣ ಭಾಗವಹಿಸುವವರ ಅನುಕೂಲವನ್ನು ಸೌಖ್ಯದ ಅಥವಾ ಅಲಂಕಾರದ ವಿಷಯವೆಂದು ತಳ್ಳಿಹಾಕದೆ ದಾಸೋಹದ ವಿಷಯವೆಂದೇ ಗ್ರಹಿಸುವುದು ಯುಕ್ತ.

ಪರದೆಯ ಮುಂದೆ ಕುಳಿತವರಿಗೆ ಬೇಗನೆ ದಣಿವಾಗುವುದೇಕೆ ಎಂಬುದನ್ನು ಪಾಶ್ಚಾತ್ಯ ವಿದ್ವಾಂಸರು ವಿಚಾರಿಸಿದ್ದಾರೆ. ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೆರೆಮಿ ಬೈಲೆನ್ಸನ್ ಅವರು 2021ರಲ್ಲಿ ಪ್ರಕಟಿಸಿದ ಲೇಖನದಲ್ಲಿ ನಾಲ್ಕು ಕಾರಣಗಳನ್ನು ಮುಂದಿಟ್ಟರು. ಹಲವು ಮುಖಗಳು ತೀರ ಸಮೀಪದಿಂದ ಒಂದೇ ಸಮನೆ ತನ್ನನ್ನು ನೋಡುತ್ತಿರುವಂತೆ ತೋರುವುದು ಮೊದಲನೆಯದು. ಕನ್ನಡಿಯಲ್ಲಿ ಕಂಡಂತೆ ತನ್ನ ಮುಖವನ್ನು ತಾನೇ ಗಂಟೆಗಟ್ಟಲೆ ಕಾಣುತ್ತಿರುವುದು ಎರಡನೆಯದು. ಕ್ಯಾಮರಾದ ಚೌಕಟ್ಟನ್ನು ಬಿಟ್ಟು ಮೈ ಅಲುಗಿಸಲಾಗದೆ ಕಟ್ಟಿಹಾಕಿದಂತಾಗುವುದು ಮೂರನೆಯದು. ಎದುರುಬದುರಾಗಿದ್ದಾಗ ಸಹಜವಾಗಿ ತಿಳಿಯುವ ಕಣ್ಸನ್ನೆ, ತಲೆದೂಗುಗಳನ್ನು ಪರದೆಯಲ್ಲಿ ಪ್ರಯತ್ನಪೂರ್ವಕವಾಗಿ ಅರಿಯಬೇಕಾಗುವುದು ನಾಲ್ಕನೆಯದು. ಇವುಗಳಿಗೆ ಪರಿಹಾರವೇನೂ ದುಬಾರಿಯದಲ್ಲ. ಉಪನ್ಯಾಸ ನಡೆಯುವಾಗ ಕೇಳುಗರ ಕ್ಯಾಮರಾ ಮುಚ್ಚಿರಲೆಂದು ನಿರ್ವಾಹಕರು ತಾವಾಗಿಯೇ ಹೇಳಬಹುದು. ಚರ್ಚೆಯ ವೇಳೆಗೆ ಇಷ್ಟವುಳ್ಳವರು ತೆರೆಯಲಿ. ತನ್ನ ಚಿತ್ರ ತನಗೆ ಕಾಣದಂತೆ ಮರೆಮಾಡುವ ಬಗೆಯನ್ನು ಆರಂಭದಲ್ಲಿಯೇ ತೋರಿಸಿಕೊಡಬಹುದು. ಎದ್ದು ಓಡಾಡುತ್ತ ಕೇಳಿದರೆ ಅಗೌರವವಲ್ಲವೆಂದು ಒಂದು ಮಾತು ಹೇಳಿದರೆ ಎಷ್ಟೋ ಹಿರಿಯರ ಸೊಂಟದ ನೋವು ಉಳಿಯುತ್ತದೆ. ಇಪ್ಪತ್ತು ನಿಮಿಷಗಳಿಗೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡುಗಳ ಕಾಲ ನೋಡಿ ಕಣ್ಣಿಗೆ ವಿಶ್ರಾಂತಿ ಕೊಡಬೇಕೆಂದು ನೇತ್ರವೈದ್ಯರು ಹೇಳುತ್ತಾರೆ. ಗೋಷ್ಠಿಯ ನಿರ್ವಾಹಕರು ಅದಕ್ಕೂ ಎಡೆಮಾಡಿಕೊಡಬೇಕು.

ಮಕ್ಕಳ ವಿಷಯದಲ್ಲಿ ಈ ವಿವೇಕ ಮೊದಲೇ ಮೂಡಿತ್ತು. ಕರ್ನಾಟಕ ಸರ್ಕಾರವು 2020ರ ಜೂನ್‌ನಲ್ಲಿ ಕೆಳಗಿನ ತರಗತಿಗಳ ಆನ್‌ಲೈನ್ ಪಾಠಗಳನ್ನು ನಿಲ್ಲಿಸಲು ಹೊರಟಿತು. ಜುಲೈನಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಅದಕ್ಕೆ ತಡೆ ಕೊಟ್ಟಿತು. ಅದೇ ಜುಲೈನಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ‘ಪ್ರಜ್ಞಾತಾ’ ಎಂಬ ಮಾರ್ಗಸೂಚಿಯು ಒಂದರಿಂದ ಎಂಟನೆಯ ತರಗತಿಯ ಮಕ್ಕಳಿಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಪಾಠಗಳಿಗಿಂತಲೂ, ಒಂಬತ್ತರಿಂದ ಹನ್ನೆರಡನೆಯ ತರಗತಿಯವರಿಗೆ ಅಂಥ ನಾಲ್ಕು ಪಾಠಗಳಿಗಿಂತಲೂ ಹೆಚ್ಚು ಕೂಡದೆಂದು ಸೂಚಿಸಿತು. ಮಕ್ಕಳ ಕಣ್ಣಿಗೆ, ಮನಸ್ಸಿಗೆ ಇಷ್ಟು ಮಿತಿಯನ್ನು ಕಟ್ಟಿದ ಲೋಕವು ಅವರ ಅಧ್ಯಾಪಕರನ್ನು ಮಾತ್ರ ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ‘ಒಂದು ದಿನದ ರಾಷ್ಟ್ರಮಟ್ಟದ ಜಾಲಗೋಷ್ಠಿ’ಯಲ್ಲಿ ಕೂಡಿಸಿತು! ವಯಸ್ಸಾದಂತೆ ಕಣ್ಣು ಬಲಿಯುವುದೆಂದು ಯಾವ ವೈದ್ಯರೂ ಹೇಳಿಲ್ಲ.

ಹಾಗಾದರೆ ಗೋಷ್ಠಿಯನ್ನು ಕಟ್ಟುವುದೆಂತು? ಇದಕ್ಕೆ ಪ್ರಾಚೀನ ಶಾಸ್ತ್ರಪದ್ಧತಿಯಲ್ಲಿಯೇ ಒಂದು ಹಾದಿಯಿದೆ. ಶಾಸ್ತ್ರಗ್ರಂಥದ ಆರಂಭದಲ್ಲಿ ‘ಅನುಬಂಧಚತುಷ್ಟಯ’ವನ್ನು ತಿಳಿಸಬೇಕೆಂಬುದು ನಿಯಮ. ವಿಷಯವೇನು, ಅದರಿಂದ ಪ್ರಯೋಜನವೇನು, ಅದನ್ನು ಓದಲು ಅಧಿಕಾರಿ ಯಾರು, ಇವುಗಳ ಪರಸ್ಪರ ಸಂಬಂಧವೇನು ಎಂಬ ನಾಲ್ಕೂ ಸ್ಪಷ್ಟವಾಗದೆ ವಿವೇಕಿಯು ಗ್ರಂಥದಲ್ಲಿ ಪ್ರವೃತ್ತನಾಗನು ಎಂಬುದು ಅದರ ಅಭಿಪ್ರಾಯ. ಜಾಲಗೋಷ್ಠಿಯ ಆಹ್ವಾನಪತ್ರಿಕೆಗೂ ಇದೇ ಲಕ್ಷಣ ಸಲ್ಲಬೇಕು. ಸದ್ಯ ಆ ಪತ್ರಿಕೆಯಲ್ಲಿ ಗಣ್ಯರ ಭಾವಚಿತ್ರಗಳು ಮುಕ್ಕಾಲು ಜಾಗವನ್ನು ಆಕ್ರಮಿಸಿರುತ್ತವೆ. ‘ವಚನ ಸಾಹಿತ್ಯ: ಒಂದು ಅವಲೋಕನ’ ಎಂಬ ಸಮುದ್ರದಂತಹ ಶೀರ್ಷಿಕೆ ಕೆಳಗೆ ಅಡಗಿರುತ್ತದೆ. ಅದರ ಬದಲು ‘ಎಂಟನೆಯ ತರಗತಿಯಲ್ಲಿ ವಚನವನ್ನು ಪಾಠ ಹೇಳುವಾಗ ಅಂಕಿತನಾಮವನ್ನು ವಿವರಿಸುವ ಬಗೆ, ಪ್ರೌಢಶಾಲಾ ಕನ್ನಡ ಅಧ್ಯಾಪಕರಿಗಾಗಿ’ ಎಂದಿದ್ದರೆ ವಿಷಯವೂ, ಪ್ರಯೋಜನವೂ, ಅಧಿಕಾರಿಯೂ ಒಂದೇ ವಾಕ್ಯದಲ್ಲಿ ತಿಳಿದುಹೋಗುತ್ತದೆ. ಬರಬೇಕಾದವರು ಬರುತ್ತಾರೆ, ಬೇಡವಾದವರ ಹೊತ್ತು ಉಳಿಯುತ್ತದೆ. ಪ್ರಬಂಧದ ಎರಡು ಪುಟಗಳ ಸಂಗ್ರಹವನ್ನು ಮೂರು ದಿನ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರೆ ಇನ್ನೂ ಒಳ್ಳೆಯದು. ಓದಿ ಬಂದವನು ಕೇಳುವ ರೀತಿಯೇ ಬೇರೆ.

ಕಾಲದ ವಿಷಯದಲ್ಲಿ ಆಯ್ದಕ್ಕಿ ಲಕ್ಕಮ್ಮನಿಗಿಂತ ದೊಡ್ಡ ಗುರು ಬೇಕಿಲ್ಲ. ಪತಿ ಮಾರಯ್ಯನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆ ತಾಯಿ ಅದನ್ನು ಒಲೆಗೇರಿಸಲಿಲ್ಲ. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರಬೇಕೆಂದು ಹಿಂದಕ್ಕೆ ಕಳುಹಿಸಿದಳು. ಕೇಳುಗನ ಹೊತ್ತೂ ಅಂಥ ಅಕ್ಕಿಯೇ. ಅಗತ್ಯಕ್ಕಿಂತ ಒಂದು ಹಿಡಿ ಹೆಚ್ಚು ತೆಗೆದುಕೊಂಡರೂ ಅದು ಪರರ ಸ್ವತ್ತು. ಜೂಮ್‌ನ ಉಚಿತ ವ್ಯವಸ್ಥೆಯಲ್ಲಿ ಒಂದು ಕೂಟ 40 ನಿಮಿಷಗಳಿಗೆ ತಾನಾಗಿಯೇ ಮುಗಿಯುವುದನ್ನು ಬಹುಮಂದಿ ಹಳಿಯುತ್ತಾರೆ. ವಾಸ್ತವವಾಗಿ ಆ ಗಡಿಯಾರ ಎಷ್ಟೋ ಸಭಾಧ್ಯಕ್ಷರಿಗಿಂತ ಕರ್ತವ್ಯನಿಷ್ಠವಾದುದು.

ಒಂದು ಜಾಲಗೋಷ್ಠಿಗೆ ತೊಂಬತ್ತು ನಿಮಿಷಗಳು ಧಾರಾಳವಾಗಿ ಸಾಕು. ಸ್ವಾಗತ, ಪರಿಚಯಗಳಿಗೆ 5, ಮುಖ್ಯ ಉಪನ್ಯಾಸಕ್ಕೆ 25, ಎದ್ದು ನೀರು ಕುಡಿಯಲು 5, ಮತ್ತೊಬ್ಬ ವಿದ್ವಾಂಸರ ಪ್ರತಿಸ್ಪಂದನಕ್ಕೆ 15, ಪ್ರಶ್ನೋತ್ತರಕ್ಕೆ 30, ಸಂಗ್ರಹಕ್ಕೂ ವಂದನೆಗೂ 10. ಪೂಜ್ಯರ ಆಶೀರ್ವಚನವಿದ್ದರೆ ಅದು ಆ ಕಡೆಯ ಹತ್ತು ನಿಮಿಷಗಳಲ್ಲಿಯೇ ಅಡಕವಾಗಲಿ; ಸಂಕ್ಷೇಪವಾದಷ್ಟೂ ಅದರ ಗೌರವ ಹೆಚ್ಚುವುದೇ ಹೊರತು ಕುಗ್ಗದು. ಅತಿಥಿಗಳ ಪರಿಚಯವನ್ನು ಆಹ್ವಾನದೊಡನೆ ಬರಹದಲ್ಲಿ ಕೊಟ್ಟರಾಯಿತು. ಪ್ರಶ್ನೋತ್ತರಕ್ಕೆ ಉಪನ್ಯಾಸಕ್ಕಿಂತ ಐದು ನಿಮಿಷ ಹೆಚ್ಚು ಇಟ್ಟಿರುವುದು ಕೆಲವರಿಗೆ ವಿಪರೀತವೆನಿಸಬಹುದು. ಆದರೆ ಉಪನ್ಯಾಸವನ್ನು ಮುದ್ರಿಸಿಟ್ಟು ಯಾವಾಗ ಬೇಕಾದರೂ ಕೇಳಬಹುದು. ಪ್ರಶ್ನೆಯನ್ನು ಕೇಳಲು ಮಾತ್ರ ಆ ವೇಳೆಯೇ ಬೇಕು. ಜನರನ್ನು ಒಂದೇ ಕಾಲಕ್ಕೆ ಕೂಡಿಸುವುದಕ್ಕೆ ಬೇರೆ ಯಾವ ಸಮರ್ಥನೆಯೂ ಇಲ್ಲ.

ಉಪನ್ಯಾಸದ ಶೈಲಿಯೂ ಬದಲಾಗಬೇಕು. ಕಾಣದ ಕೇಳುಗನಿಗೆ ಮಾತನಾಡುವ ಕಲೆ ಕನ್ನಡಿಗರಿಗೆ ಹೊಸದೇನಲ್ಲ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದರು. ‘ಆಕಾಶವಾಣಿ’ ಎಂಬ ಹೆಸರು ನಾಡಿಗೆ ದೊರೆತುದು ಅಲ್ಲಿಂದ. ಅಂದಿನಿಂದ ಬಾನುಲಿಯಲ್ಲಿ ಮಾತನಾಡಿದ ಸಾಹಿತಿಗಳು ಕೆಲವೇ ನಿಮಿಷಗಳ ಅಳತೆಗೆ ಮಾತನ್ನು ಬರೆದು, ತಿದ್ದಿ, ಆದರೂ ಎದುರಿನವನೊಡನೆ ಆಡಿದಂತೆ ನುಡಿಯುವುದನ್ನು ರೂಢಿಸಿಕೊಂಡರು. ಆ ಶಿಸ್ತು ಜಾಲಗೋಷ್ಠಿಗೆ ಬೇಕು. ಗಮಕದಲ್ಲಿ ಒಬ್ಬರು ವಾಚಿಸಿದರೆ ಮತ್ತೊಬ್ಬರು ವ್ಯಾಖ್ಯಾನಿಸುತ್ತಾರೆ. ಎರಡು ಕಂಠಗಳು ಸರದಿಯಲ್ಲಿ ಬರುವುದರಿಂದ ಕೇಳುವವರ ಮನಸ್ಸು ಜೋಂಪುಗಟ್ಟುವುದಿಲ್ಲ. ಜಾಲದಲ್ಲಿಯೂ ಇಬ್ಬರು ವಿದ್ವಾಂಸರು ಸಂವಾದರೂಪದಲ್ಲಿ ವಿಷಯವನ್ನು ಮಂಡಿಸಿದರೆ ಒಬ್ಬರೇ ಒಂದು ಗಂಟೆ ಓದುವುದಕ್ಕಿಂತ ಅದು ಎಷ್ಟೋ ಮಿಗಿಲು.

ಚರ್ಚೆಯನ್ನು ನಡೆಸುವ ರೀತಿಯನ್ನು ವಾಕ್ಯಾರ್ಥಸಭೆಗಳಿಂದ ಕಲಿಯಬಹುದು. ಅಲ್ಲಿ ಪ್ರತಿವಾದಿಯು ಎದುರಾಳಿಯ ಮಾತನ್ನು ಮೊದಲು ‘ಅನುವಾದ’ ಮಾಡಬೇಕು. ಎಂದರೆ ಅವನು ಹೇಳಿದುದನ್ನು ಸರಿಯಾಗಿ ಮರಳಿ ಹೇಳಿ, ಆ ಮೇಲೆ ಖಂಡಿಸಬೇಕು. ಜಾಲಗೋಷ್ಠಿಯ ನಿರ್ವಾಹಕರು ಪ್ರತಿಯೊಂದು ಪ್ರಶ್ನೆಯನ್ನೂ ಹೀಗೆ ಮರಳಿ ಹೇಳಿ ಉಪನ್ಯಾಸಕರಿಗೆ ಒಪ್ಪಿಸಿದರೆ, ತೊದಲಿ ಕೇಳಿದ ಪ್ರಶ್ನೆಗೂ ಘನತೆ ಬರುತ್ತದೆ. ಧ್ವನಿ ಅಸ್ಪಷ್ಟವಾಗಿ ಕೇಳಿದವರಿಗೂ ತಿಳಿಯುತ್ತದೆ. ಸಭೆಯಲ್ಲಿ ಎದ್ದುನಿಂತು ಕೇಳಲು ಅಂಜುವ ಕಿರಿಯ ಅಧ್ಯಾಪಕರು ಬರೆದು ಕಳುಹಿಸಿದ ಪ್ರಶ್ನೆಗಳಲ್ಲಿ ಎಷ್ಟೋ ಬಾರಿ ಹೆಚ್ಚಿನ ತಿರುಳಿರುತ್ತದೆ. ಅವನ್ನು ಮೊದಲು ಎತ್ತಿಕೊಳ್ಳುವುದು ನಿರ್ವಾಹಕರ ವಿವೇಕ. ಹೀಗಾಗಿ ನಿರ್ವಾಹಕನ ಸ್ಥಾನವನ್ನು ಯಂತ್ರ ಬಲ್ಲ ಯಾವನೋ ತರುಣನಿಗೆ ವಹಿಸಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಯಂತ್ರಕ್ಕೆ ಒಬ್ಬರು, ಚರ್ಚೆಗೆ ವಿಷಯಜ್ಞರಾದ ಮತ್ತೊಬ್ಬರು ಇರುವುದು ಅವಶ್ಯ.

ಕೆಲವು ಸಣ್ಣ ಸಂಗತಿಗಳಿವೆ. ಸಣ್ಣವೆಂದೇ ಅಲಕ್ಷ್ಯಕ್ಕೆ ಗುರಿಯಾದವು. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಸಿದ್ಧಪಡಿಸಿದ ಪುಟಗಳು ಮತ್ತೊಂದು ಗಣಕದಲ್ಲಿ ತೆರೆದುಕೊಂಡಾಗ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುವುದುಂಟು. ಪುಟಗಳನ್ನು ಯೂನಿಕೋಡ್‌ನಲ್ಲಿ ಸಿದ್ಧಪಡಿಸಿದರೆ ಈ ಮುಜುಗರ ತಪ್ಪುತ್ತದೆ. ಅಂಗೈಯಗಲದ ಮೊಬೈಲಿನಲ್ಲಿ ನೋಡುವವರೇ ಬಹುಮಂದಿ ಎಂಬುದನ್ನು ನೆನೆದು ಒಂದು ಪುಟದಲ್ಲಿ ಆರೇಳು ಸಾಲಿಗಿಂತ ಹೆಚ್ಚು ತುಂಬಬಾರದು. ಒತ್ತಕ್ಷರಗಳು ಒಂದರ ಮೇಲೊಂದು ಬೀಳದಂತೆ ಸಾಲುಗಳ ನಡುವೆ ಎಡೆಯಿರಬೇಕು. ಉಪನ್ಯಾಸಕರು ಗೋಡೆಗಳು ಪ್ರತಿಧ್ವನಿಸದ ಕೊಠಡಿಯಲ್ಲಿ ಕುಳಿತು ಸಾಧಾರಣವಾದ ಒಂದು ಮೈಕನ್ನು ಬಾಯಿಗೆ ಸಮೀಪವಾಗಿಟ್ಟುಕೊಂಡರೆ ಸಾಕು, ಅರ್ಧ ಗೋಷ್ಠಿ ಗೆದ್ದಂತೆ. ಚಿತ್ರ ಮಸುಕಾದರೆ ಜನ ಸಹಿಸುತ್ತಾರೆ. ಧ್ವನಿ ಕೆಟ್ಟರೆ ಎದ್ದುಹೋಗುತ್ತಾರೆ. ಪರದೆಯ ಮೇಲೆ ಚಿತ್ರವನ್ನೋ ಶಾಸನಪಾಠವನ್ನೋ ತೋರಿಸುವವರು ಅದನ್ನು ಬಾಯಲ್ಲಿಯೂ ವಿವರಿಸಬೇಕು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಕಿವಿಯ ಮೂಲಕವೇ ವಿದ್ಯೆಯನ್ನು ಧಾರೆಯೆರೆದ ನಾಡಿನಲ್ಲಿ, ದೃಷ್ಟಿಹೀನ ಅಧ್ಯಾಪಕರಿಗೆ ‘ಇಲ್ಲಿ ನೋಡಿ’ ಎಂದಷ್ಟೇ ಹೇಳಿ ಮುಂದುವರಿಯುವುದು ಶೋಭಿಸದು.

ವೇಳೆಯ ಆಯ್ಕೆಯೂ ಆತಿಥ್ಯದ ಒಂದು ಅಂಗ. ಬೆಳಗಿನ ಹತ್ತೂವರೆ ಸಭಾಂಗಣಗಳ ವೇಳೆ, ಮನೆಗಳ ವೇಳೆಯಲ್ಲ. ಸಂಜೆ ಏಳು ಗಂಟೆಗೆ ಗೋಷ್ಠಿ ನಡೆದರೆ ಸಿಂಗಪುರದಲ್ಲಿ ರಾತ್ರಿ ಒಂಬತ್ತೂವರೆ. ಬೇಸಗೆಯ ತಿಂಗಳುಗಳಲ್ಲಿ ಲಂಡನ್ನಿನಲ್ಲಿ ಮಧ್ಯಾಹ್ನ ಎರಡೂವರೆ, ನ್ಯೂಯಾರ್ಕಿನಲ್ಲಿ ಬೆಳಗ್ಗೆ ಒಂಬತ್ತೂವರೆ. ಈ ಎಲ್ಲೆಡೆಯ ಕನ್ನಡಿಗರೂ ಕೂಡಬಹುದಾದ ಹೊತ್ತು ಅದು. ಬೆಳಗಿನ ಹತ್ತೂವರೆಗೆ ಕರೆದರೆ ನ್ಯೂಯಾರ್ಕಿನವರು ನಡುರಾತ್ರಿ ಒಂದು ಗಂಟೆಗೆ ಎದ್ದು ಕೂರಬೇಕು. ಆದರೆ ಊರಿನ ಗೃಹಿಣಿಯಾದ ಅಧ್ಯಾಪಕಿಗೆ ಸಂಜೆಯ ಏಳು ಅನುಕೂಲವೋ ರಾತ್ರಿಯ ಎಂಟೂವರೆಯೋ ಎಂಬುದನ್ನು ಆಕೆಯನ್ನೇ ಕೇಳಿ ಗೊತ್ತುಮಾಡಬೇಕು. ಹಾಗೆ ಕೇಳುವ ರೂಢಿಯೇ ಇಲ್ಲದಿರುವುದು ವಿಷಾದಕರ.

ಇಷ್ಟೆಲ್ಲ ಶ್ರಮಪಡಲು ಕಾರಣವೇನೆಂದು ಕೆಲವರು ಕೇಳಬಹುದು. ಮಹಾಮಾರಿ ಕಳೆಯಿತು, 2021ರಲ್ಲಿ ಕೆಂಗೇರಿಯವರೆಗೆ ಮೆಟ್ರೊ ಬಂದಿತು, ವಿಜಯನಗರದಿಂದಲೂ ಕೆಂಗೇರಿಯಿಂದಲೂ ಈಗ ಸಭೆಗಳಿಗೆ ಹೋಗಿಬರುವುದು ಸುಲಭ, ಮುಖಾಮುಖಿಯಾದ ಗೋಷ್ಠಿಯ ಸೊಗಸು ಪರದೆಯಲ್ಲೆಲ್ಲಿ? ಈ ಮಾತಿನಲ್ಲಿ ಸತ್ಯಾಂಶವಿದೆ. ಸಭೆ ಮುಗಿದ ಮೇಲೆ ಕಾಫಿಯ ಲೋಟ ಹಿಡಿದು ನಿಂತಾಗ ನಡೆಯುವ ಐದು ನಿಮಿಷಗಳ ಮಾತಿಗೆ ಯಾವ ಯಂತ್ರವೂ ಸಾಟಿಯಲ್ಲ. ಎದುರುಬದುರಾಗಿ ಕೂಡಬಲ್ಲವರು ಕೂಡಲೇಬೇಕು. ಆದರೆ ಕೂಡಲಾರದವರ ಗತಿಯೇನು? 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿಹೋದ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ದುಡಿಯುತ್ತಿರುವ ಅಧ್ಯಾಪಕರಿದ್ದಾರೆ. ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ ತಾಲ್ಲೂಕುಗಳ ಕನ್ನಡ ಶಾಲೆಗಳವರಿದ್ದಾರೆ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿಯೋ ಜ್ಞಾನಭಾರತಿಯ ಆವರಣದಲ್ಲಿಯೋ ಎರಡು ಗಂಟೆಗಳ ಉಪನ್ಯಾಸವನ್ನು ಕೇಳಲು ಅವರು ರಾತ್ರಿಯ ಪ್ರಯಾಣವನ್ನೂ ಎರಡು ದಿನಗಳ ರಜೆಯನ್ನೂ ವ್ಯಯಿಸಬೇಕು. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಹೊರಡಲಾಗದ ಅಧ್ಯಾಪಕಿ ಇದ್ದಾರೆ. ಮಂಡಿನೋವಿನಿಂದ ಮಹಡಿ ಇಳಿಯಲಾರದ ನಿವೃತ್ತ ಪಂಡಿತರಿದ್ದಾರೆ. ಜಾಲಗೋಷ್ಠಿ ಇವರೆಲ್ಲರಿಗೆ ತೆರೆದಿರುವ ಒಂದೇ ಬಾಗಿಲು. ಅದು ಬೇಸರದ ಗೂಡಾದರೆ ಬೆಂಗಳೂರಿನವರಿಗೆ ಆಗುವ ನಷ್ಟ ಅಲ್ಪ. ಇವರಿಗೆ ಬೇರೆ ದಾರಿಯೇ ಇಲ್ಲ.

ಕಡೆಯದಾಗಿ ಪ್ರಮಾಣಪತ್ರದ ಮಾತು. ಕಾಲೇಜುಗಳ ಗುಣಮಟ್ಟವನ್ನು ಅಳೆಯುವ ರಾಷ್ಟ್ರೀಯ ಪರಿಷತ್ತು, ಎಂದರೆ 1994ರಲ್ಲಿ ಸ್ಥಾಪಿತವಾದ ನ್ಯಾಕ್, ಪಶ್ಚಿಮ ಬೆಂಗಳೂರಿನ ನಾಗರಭಾವಿಯಲ್ಲಿಯೇ ಇದೆ. ಸಂಸ್ಥೆಯೊಂದು ನಡೆಸಿದ ವಿಚಾರಸಂಕಿರಣಗಳೂ ಆ ಅಳತೆಯ ಲೆಕ್ಕಕ್ಕೆ ಬರುತ್ತವೆ. ಲೆಕ್ಕ ಕೇಳುವುದು ತಪ್ಪಲ್ಲ. ಲೆಕ್ಕಕ್ಕಾಗಿಯೇ ಗೋಷ್ಠಿ ನಡೆಸುವುದು ತಪ್ಪು. ಕಡೆಯ ಐದು ನಿಮಿಷಗಳಿಗೆ ಬಂದು ಹೆಸರು ತುಂಬಿದವನಿಗೂ, ಮೊದಲಿನಿಂದ ಕೇಳಿ ಪ್ರಶ್ನೆ ಕೇಳಿದವನಿಗೂ ಒಂದೇ ಪತ್ರ ದೊರೆಯುವುದಾದರೆ ಆ ಪತ್ರಕ್ಕೆ ಬೆಲೆಯೇನು? ಹಾಜರಿಯ ಲಿಂಕಿನ ಬದಲು, ಕೇಳಿದುದರಲ್ಲಿ ತನ್ನ ತರಗತಿಗೆ ಒದಗುವ ಒಂದು ಅಂಶವನ್ನು ಐದು ವಾಕ್ಯಗಳಲ್ಲಿ ಬರೆದು ಒಂದು ವಾರದೊಳಗೆ ಕಳುಹಿಸಿದವರಿಗಷ್ಟೇ ಪ್ರಮಾಣಪತ್ರವೆಂದು ನಿಯಮಿಸಬೇಕು. ಸಂಖ್ಯೆ ಇಳಿಯುವುದು ನಿಜ. ಮುನ್ನೂರು ಹೆಸರುಗಳ ಜಾಗದಲ್ಲಿ ಮೂವತ್ತು ಬರಹಗಳು ಬರಬಹುದು. ಆದರೆ ಶ್ರವಣದ ಬಳಿಕ ಮನನ ನಡೆದುದಕ್ಕೆ ಆ ಮೂವತ್ತು ಬರಹಗಳೇ ಸಾಕ್ಷಿ. ಅವುಗಳಲ್ಲಿ ಉತ್ತಮವಾದವನ್ನು ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಅಚ್ಚುಹಾಕಿದರೆ ನಿದಿಧ್ಯಾಸನಕ್ಕೂ ದಾರಿಯಾದೀತು.

ಮಠಗಳು ನಡೆಸುವ ವಿದ್ಯಾಸಂಸ್ಥೆಗಳಿಗೆ ಈ ಕಾರ್ಯದಲ್ಲಿ ಸಹಜವಾದ ಅಧಿಕಾರವೂ ಹೊಣೆಯೂ ಇವೆ. ಇದಕ್ಕೆ ಭವ್ಯವಾದ ಕಟ್ಟಡ ಬೇಕಿಲ್ಲ. ಸದ್ದಿಲ್ಲದ ಒಂದು ಕೊಠಡಿ, ಒಳ್ಳೆಯ ಮೈಕು, ಒಂದು ಗಣಕ, ಅಡೆತಡೆಯಿಲ್ಲದ ಅಂತರ್ಜಾಲ, ವಿದ್ಯುತ್ತು ಹೋದರೆ ನೆರವಾಗುವ ಯುಪಿಎಸ್ ಇದ್ದರೆ ಆಯಿತು. ದಾನಿಗಳು ಸಭಾಂಗಣಕ್ಕೆ ಕುರ್ಚಿಗಳನ್ನು ಕೊಟ್ಟಂತೆ, ಗಡಿನಾಡಿನ ಬಡ ಅಧ್ಯಾಪಕರ ಇಂಟರ್‌ನೆಟ್ ವೆಚ್ಚಕ್ಕೆ ಒಂದು ಸಣ್ಣ ನಿಧಿಯನ್ನು ಕೊಡಬಹುದು. ಕುರ್ಚಿಯ ಬೆನ್ನಿಗೆ ಹೆಸರು ಬರೆಯಿಸುವ ಅವಕಾಶ ಇಲ್ಲಿರದು. ಬಲಗೈ ಕೊಟ್ಟುದು ಎಡಗೈಗೆ ತಿಳಿಯದ ದಾನಕ್ಕೆ ಹಿರಿಯರು ಹೆಚ್ಚು ಫಲ ಹೇಳಿದ್ದಾರೆ. ಹಳೆಯ ವಿದ್ಯಾರ್ಥಿಗಳಲ್ಲಿ ಗಣಕವಿದ್ಯೆಯಲ್ಲಿ ನುರಿತವರು ಬೇಕಾದಷ್ಟು ಮಂದಿ ಇರುತ್ತಾರೆ. ತಿಂಗಳಿಗೊಂದು ಸಂಜೆ ಯಂತ್ರದ ಮುಂದೆ ಕುಳಿತು, ಸೇರಲು ತಿಣುಕುವ ಹಿರಿಯರಿಗೆ ದೂರವಾಣಿಯಲ್ಲಿ ದಾರಿ ಹೇಳುವ ಸೇವೆಯನ್ನು ಅವರು ವಹಿಸಿಕೊಳ್ಳಬಹುದು. ಮಠದ ಬಾಗಿಲಲ್ಲಿ ನಿಂತು ಬಂದವರ ಕೈಗೆ ನೀರು ಹಾಕುವ ಕಾಯಕಕ್ಕೂ ಇದಕ್ಕೂ ಭೇದವಿಲ್ಲ. ಅಧ್ಯಾಪಕರು ವರ್ಷಕ್ಕೆ ಹತ್ತು ಗೋಷ್ಠಿಗಳ ಬದಲು ನಾಲ್ಕನ್ನೇ ನಡೆಸಿ, ಪ್ರತಿಯೊಂದಕ್ಕೂ ಒಂದು ತಿಂಗಳ ಸಿದ್ಧತೆಯನ್ನು ಮೀಸಲಿಡಬಹುದು.

ಮುಂದಿನ ವರ್ಷ ಬಸವ ಜಯಂತಿಯ ಹೊತ್ತಿಗೆ ಇಂಥದೊಂದು ಗೋಷ್ಠಿ ಪ್ರಾಯೋಗಿಕವಾಗಿ ನಡೆಯಲಿ. ಅಂದು ಬಸವೇಶ್ವರನಗರದ ಆ ಅಧ್ಯಾಪಕಿ ಅಡುಗೆಯನ್ನು ಮುಗಿಸಿ, ಸಂಗ್ರಹವನ್ನು ಓದಿಕೊಂಡು, ನಿಶ್ಚಿಂತೆಯಿಂದ ಬಂದು ಕೂರುವಂತಾಗಬೇಕು. ಆಕೆಯ ಪ್ರಶ್ನೆಯನ್ನು ನಿರ್ವಾಹಕರು ಹೆಸರು ಹಿಡಿದು ಕರೆದು ಕೇಳಬೇಕು. ಕಾಸರಗೋಡಿನ ಅಧ್ಯಾಪಕರೊಬ್ಬರು ಅದಕ್ಕೆ ತಮ್ಮ ತರಗತಿಯ ಅನುಭವದಿಂದ ಒಂದು ಮಾತನ್ನು ಸೇರಿಸಬೇಕು. ಗೋಷ್ಠಿ ಮುಗಿದ ಮೇಲೆ ಎಷ್ಟು ಜನ ಬಂದಿದ್ದರೆಂದು ಎಣಿಸುವುದಕ್ಕೆ ಮೊದಲು, ಎಷ್ಟು ಜನ ಮಾತನಾಡಿದರೆಂದು ಎಣಿಸುವ ರೂಢಿ ಈ ಸಂಸ್ಥೆಗಳಲ್ಲಿ ಬೆಳೆದುಬರಲಿ.